ಸ್ಕ್ಯಾನ್ ಮಾಡಲು ಕಲಿಸಿದೆವು, ಲೆಕ್ಕ ಕಲಿಸಲಿಲ್ಲ

2025ರ ಜುಲೈನಲ್ಲಿ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಯುಪಿಐ ಸ್ಟಿಕರ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದ್ದು ನೆನಪಿದೆ ಅಲ್ವಾ? ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಈಚಿನ ವರ್ಷಗಳ ಜಿಎಸ್‌ಟಿ ಬಾಕಿ ಇದೆ ಅಂತ ಅಂಗಡಿಯವರಿಗೆ ನೋಟಿಸ್ ಕಳಿಸಿತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳಿ, ಹಳೆ ಬಾಕಿ ಕೇಳುವುದಿಲ್ಲ ಎಂದ ಮೇಲೆ ಗಲಾಟೆ ತಣ್ಣಗಾಯಿತು. ತೆರಿಗೆ ಸಲಹೆಗಾರನಾದ ನನಗೆ ಸಮಾಧಾನ ಆಗಿಲ್ಲ.

ಕಾನೂನು ಸ್ಪಷ್ಟವಾಗಿಯೇ ಇದೆ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬರೀ ಸೊಪ್ಪು, ತರಕಾರಿ, ಹಣ್ಣು ಮಾರುವವರಿಗೆ ಬೇಡ.

ಆದರೆ ತಡವಾದರೆ ಏನಾಗುತ್ತದೆ ನೋಡಿ. 50 ಲಕ್ಷ ವಹಿವಾಟಿನ ಅಂಗಡಿಯವರು ಮೊದಲೇ ಕಾಂಪೊಸಿಷನ್ ಸ್ಕೀಮ್ (ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ವ್ಯವಸ್ಥೆ) ಸೇರಿದ್ದರೆ ಶೇ 1, ಅಂದರೆ 50 ಸಾವಿರ ಕಟ್ಟಿದರೆ ಮುಗಿಯಿತು. ಸೇರದೆ ಸಿಕ್ಕಿಬಿದ್ದರೆ ಕಳೆದ ವರ್ಷಗಳಿಗೆ ಆ ಸ್ಕೀಮ್ ಸಿಗದು. ಶೇ 18ರ ಸರಕಾದರೆ 9 ಲಕ್ಷ. ಅದರ ಮೇಲೆ ಬಡ್ಡಿ, ದಂಡ. ಸಣ್ಣ ಅಂಗಡಿಗೆ ಇಡೀ ವರ್ಷದ ಲಾಭವೂ ಅಷ್ಟಿರುವುದಿಲ್ಲ.

ಸ್ಕ್ಯಾನ್ ಮಾಡುವುದು ಎಲ್ಲರಿಗೂ ಬಂತು. 2020ರ ಪಿಎಂ ಸ್ವನಿಧಿ ಯೋಜನೆಯಲ್ಲಂತೂ ಡಿಜಿಟಲ್ ಪಾವತಿ ಪಡೆಯುವ ಬೀದಿ ವ್ಯಾಪಾರಿಗಳಿಗೆ ಕ್ಯಾಶ್‌ಬ್ಯಾಕ್ ಕೂಡ ಕೊಟ್ಟರು. ಪ್ರತಿ ಜಮೆಯೂ ವಹಿವಾಟಿನ ದಾಖಲೆ ಅಂತ ಅಷ್ಟೇ ಉತ್ಸಾಹದಿಂದ ಯಾರೂ ಹೇಳಲಿಲ್ಲ. ಅದೇ ಖಾತೆಗೆ ಚೀಟಿ ದುಡ್ಡು, ಕೈಸಾಲ, ನೆಂಟರು ಕಳಿಸಿದ್ದು ಎಲ್ಲ ಬಂದು ಬೀಳುತ್ತದೆ. ಆಮೇಲೆ ಬಿಡಿಸಿ ತೋರಿಸುವುದು ತುಂಬಾ ಕಷ್ಟ. ಹೊಸದಾಗಿ ಅಂಗಡಿ ಹಾಕುವವರಿಗೆ ನಾನು ಮೊದಲು ಹೇಳುವುದೇ ಇದು: ವ್ಯಾಪಾರಕ್ಕೆ ಬೇರೆ ಕರೆಂಟ್ ಅಕೌಂಟ್ ತೆರೆಯಿರಿ. ತೆರಿಗೆ ಇಲ್ಲದ ಸರಕಿನ ಮಾರಾಟ ಬೇರೆ ಬರೆದಿಡಿ. ಖರೀದಿ ಬಿಲ್ ಎಸೆಯಬೇಡಿ.

ಕ್ಯಾಶ್‌ಗೆ ಮರಳಿದರೆ ನಷ್ಟ ಅಂಗಡಿಯವರಿಗೇ ಜಾಸ್ತಿ. ಸಾಲ ಕೇಳಲು ಹೋದಾಗ ಬ್ಯಾಂಕಿನವರು ನೋಡುವುದು ಸ್ಟೇಟ್‌ಮೆಂಟನ್ನೇ. ದಾಖಲೆ ಇಲ್ಲದಿದ್ದರೆ ಎರಡನೇ ಅಂಗಡಿಯ ಆಸೆ ಅಲ್ಲಿಗೇ ನಿಲ್ಲುತ್ತದೆ.

ಇಲಾಖೆಗೂ ಒಂದು ಮಾತು. ಜಮೆಯ ಮಾಹಿತಿ ನಿಮ್ಮ ಕೈಗೆ ಸಿಗುತ್ತದೆ. ವರ್ಷಗಟ್ಟಲೆ ಸುಮ್ನಿದ್ದು ಒಂದೇ ಸಲ ಲಕ್ಷಗಟ್ಟಲೆ ಕೇಳಿದರೆ ಯಾರಾದರೂ ಹೆದರುತ್ತಾರೆ. ಜಮೆ 30 ಲಕ್ಷ ಮುಟ್ಟಿದ ವರ್ಷವೇ ಕನ್ನಡದಲ್ಲಿ ಒಂದು ಎಸ್‌ಎಂಎಸ್ ಕಳಿಸಿ. ಮಿತಿ ಹತ್ತಿರ ಬಂದಿದೆ, ಕಾಂಪೊಸಿಷನ್ ಸೇರುವುದು ಹೀಗೆ, ಸಂದೇಹವಿದ್ದರೆ ಈ ಕಚೇರಿಗೆ ಬನ್ನಿ ಅಂತ ಅದರಲ್ಲಿರಲಿ.