ಪೀರ್-ಟು-ಪೀರ್ ಹುಡುಕಾಟದಿಂದ ಸಂವೇದಕ ಜಾಲದವರೆಗೆ: ಅಧ್ಯಯನ ಟಿಪ್ಪಣಿ

ಕೇಂದ್ರ ಸರ್ವರ್ ಇಲ್ಲದ ಜಾಲದಲ್ಲಿ ಬೇಕಾದ ದತ್ತಾಂಶ ಯಾವ ನೋಡ್‌ನ (ಜಾಲದಲ್ಲಿರುವ ಒಂದು ಕಂಪ್ಯೂಟರ್ ಅಥವಾ ಸಾಧನದ) ಬಳಿ ಇದೆಯೆಂದು ಕಂಡುಹಿಡಿಯುವುದು ಹೇಗೆ ಎಂಬುದೇ ಈ ವಿಷಯದ ಮೂಲ ಪ್ರಶ್ನೆ. 1999ರ ಕಡತ ಹಂಚಿಕೆ ಸೇವೆಯಾದ ನ್ಯಾಪ್‌ಸ್ಟರ್‌ನಲ್ಲಿ ಕಡತಗಳು ಬಳಕೆದಾರರ ಕಂಪ್ಯೂಟರುಗಳಲ್ಲೇ ಇದ್ದರೂ ಅವುಗಳ ಸೂಚಿ ಕೇಂದ್ರದಲ್ಲಿತ್ತು. 2000ದಲ್ಲಿ ಬಂದ ನುಟೆಲಾ ಆ ಸೂಚಿಯನ್ನೂ ಕೈಬಿಟ್ಟು, ಪ್ರತಿ ಪ್ರಶ್ನೆಯನ್ನು ನೆರೆಯ ನೋಡ್‌ಗಳಿಗೆಲ್ಲ ಹರಡಿತು. ಇದರಿಂದ ಸಂದೇಶಗಳು ವಿಪರೀತವಾದವೇ ಹೊರತು, ದೂರದ ಕಡತ ಸಿಕ್ಕೇ ಸಿಗುತ್ತದೆಂಬ ಖಾತರಿ ಇರಲಿಲ್ಲ.

2001ರಲ್ಲಿ ಪ್ರಕಟವಾದ ಕಾರ್ಡ್ ಎಂಬ ವಿಧಾನವು ನೋಡ್‌ಗಳನ್ನೂ ದತ್ತಾಂಶದ ಕೀಗಳನ್ನೂ (ಅದನ್ನು ಗುರುತಿಸುವ ಹೆಸರುಗಳನ್ನೂ) ಹ್ಯಾಶ್ ಮಾಡಿ, ಅಂದರೆ ಒಂದು ಸೂತ್ರದಿಂದ ಪ್ರತಿಯೊಂದನ್ನೂ ನಿಶ್ಚಿತ ಸಂಖ್ಯೆಯಾಗಿ ಬದಲಿಸಿ, ಒಂದೇ ಸಂಖ್ಯಾವೃತ್ತದ ಮೇಲೆ ಕೂರಿಸುತ್ತದೆ. ಪ್ರತಿ ಕೀಯ ಹೊಣೆ ಅದರ ಸಂಖ್ಯೆಗೆ ಸಮನಾದ ಅಥವಾ ಅದರ ಮುಂದೆ ಮೊದಲು ಸಿಗುವ ನೋಡ್‌ನದು. ವೃತ್ತದಲ್ಲಿ 0ಯಿಂದ 63ರವರೆಗೆ ಸಂಖ್ಯೆಗಳಿದ್ದು, 5, 19, 30, 44, 58 ಎಂಬ ನೋಡ್‌ಗಳಿವೆ ಎಂದುಕೊಳ್ಳೋಣ. ಕೀ 33 ನೋಡ್ 44ಕ್ಕೆ ಸೇರುತ್ತದೆ. ಕೀ 60 ವೃತ್ತ ಸುತ್ತಿಕೊಂಡು ನೋಡ್ 5ಕ್ಕೆ ಬರುತ್ತದೆ, ಎಡವುವುದು ಸಾಮಾನ್ಯವಾಗಿ ಇಲ್ಲೇ. ಪ್ರತಿ ನೋಡ್ ತನ್ನಿಂದ 1, 2, 4, 8, 16, 32 ಹೆಜ್ಜೆ ಮುಂದಿನ ಸ್ಥಾನಗಳಿಗೆ ಹೊಣೆಯಾದ ನೋಡ್‌ಗಳ ವಿಳಾಸವನ್ನು ಇಟ್ಟುಕೊಂಡಿರುತ್ತದೆ. ಆದ್ದರಿಂದ ನೋಡ್ 5 ಕೀ 50ನ್ನು ಹುಡುಕುವಾಗ ನೇರವಾಗಿ 44ಕ್ಕೆ ಜಿಗಿದು, ಅಲ್ಲಿಂದ 58ನ್ನು ತಲುಪುತ್ತದೆ. ನೋಡ್‌ಗಳು ಇಮ್ಮಡಿಯಾದರೂ ಜಿಗಿತಗಳು ಹೆಚ್ಚೆಂದರೆ ಸುಮಾರು ಒಂದರಷ್ಟೇ ಹೆಚ್ಚುತ್ತವೆ.

ಇದನ್ನೇ ಸಂವೇದಕ ಜಾಲಕ್ಕೆ, ಅಂದರೆ ಸುತ್ತಲಿನದನ್ನು ಅಳೆದು ರೇಡಿಯೊ ಮೂಲಕ ಮಾತಾಡುವ ಬ್ಯಾಟರಿಚಾಲಿತ ಪುಟ್ಟ ಸಾಧನಗಳ ಜಾಲಕ್ಕೆ, ಹಾಗೆಯೇ ತಂದರೆ ಏನಾಗುತ್ತದೆ? ಇಂಟರ್ನೆಟ್‌ನಲ್ಲಿ 5ರಿಂದ 44ಕ್ಕೆ ಒಂದೇ ಜಿಗಿತ ಎನ್ನುವುದು ಸರಿ, ಏಕೆಂದರೆ ಪ್ಯಾಕೆಟ್ ಸಾಗಿಸುವ ಕೆಲಸ ಕೆಳಗಿನ ಜಾಲದ್ದು. ಸಂವೇದಕಗಳಿಗೆ ಅಂತಹ ಬೇರೆ ಜಾಲವಿಲ್ಲ. ವೃತ್ತದ ಮೇಲಿನ ಒಂದು ಜಿಗಿತಕ್ಕಾಗಿ ನಡುವಿನ ಹಲವು ಸಂವೇದಕಗಳು ತಮ್ಮ ರೇಡಿಯೊ ಬಳಸಿ ಬ್ಯಾಟರಿ ಸವೆಸಬೇಕು. ವೃತ್ತದಲ್ಲಿ ಅಕ್ಕಪಕ್ಕ ಇರುವವು ನೆಲದ ಮೇಲೂ ಹತ್ತಿರ ಇರುತ್ತವೆಂದೇನೂ ಇಲ್ಲ.

2002ರ ಭೌಗೋಳಿಕ ಹ್ಯಾಶ್ ಕೋಷ್ಟಕ ಈ ತೊಡಕನ್ನು ಬಿಡಿಸಿದ ರೀತಿ ನನಗೆ ಇಡೀ ವಿಷಯದಲ್ಲೇ ಅತ್ಯಂತ ಜಾಣ್ಮೆಯದೆನಿಸುತ್ತದೆ. ಅಲ್ಲಿ ಸಂವೇದಕ ಗುರುತಿಸಿದ ಘಟನೆಯ ಹೆಸರನ್ನು ಹ್ಯಾಶ್ ಮಾಡಿದಾಗ ಸಿಗುವುದು ವೃತ್ತದ ಸಂಖ್ಯೆಯಲ್ಲ, ನೆಲದ ಮೇಲಿನ ಒಂದು ಬಿಂದು. ಆ ಬಿಂದುವಿಗೆ ಅತಿ ಸಮೀಪದ ಸಂವೇದಕ ದತ್ತಾಂಶವನ್ನು ಇಟ್ಟುಕೊಳ್ಳುತ್ತದೆ. ಕೇಳುವವರೂ ಅದೇ ಹೆಸರನ್ನು ಹ್ಯಾಶ್ ಮಾಡಿ, ಪ್ರಶ್ನೆಯನ್ನು ಅದೇ ದಿಕ್ಕಿಗೆ ಕಳಿಸುತ್ತಾರೆ. ಆದರೆ ಒಂದೇ ಬಗೆಯ ಘಟನೆ ಪದೇ ಪದೇ ನಡೆದರೆ ಭಾರವೆಲ್ಲ ಆ ಒಂದು ಬಿಂದುವಿನ ಸುತ್ತ ಬಿದ್ದು, ಅಲ್ಲಿನ ಬ್ಯಾಟರಿಗಳು ಬೇಗ ಬರಿದಾಗುತ್ತವೆ.

ಪ್ರಶ್ನೆ ಸರಾಸರಿಯಂಥದ್ದಾದರೆ ದತ್ತಾಂಶವನ್ನು ದಾರಿಯಲ್ಲೇ ಒಟ್ಟುಗೂಡಿಸಿ ಸಂದೇಶಗಳನ್ನು ಉಳಿಸಬಹುದು. ಕೇಳಿದವರತ್ತ ಸಾಗುವ ದಾರಿಯ ಒಂದು ಕವಲಿನಲ್ಲಿ 20 ಮತ್ತು 22, ಇನ್ನೊಂದರಲ್ಲಿ 27 ಎಂಬ ಅಳತೆಗಳಿದ್ದರೆ, ಸರಾಸರಿಗಳ ಸರಾಸರಿ 24 ಬರುತ್ತದೆ. ಸರಿಯಾದ ಉತ್ತರ 23. ಹೀಗಾಗಿ ಪ್ರತಿ ನೋಡ್ ಮೊತ್ತ ಮತ್ತು ಎಣಿಕೆ ಎರಡನ್ನೂ ಮೇಲಕ್ಕೆ ಕಳಿಸಬೇಕು. ಮಧ್ಯಾಂಕಕ್ಕೆ ಇಂತಹ ಪುಟ್ಟ ಸಾರಾಂಶ ಸಾಲದು. ಅದನ್ನು ನಿಖರವಾಗಿ ಒಂದೇ ಸುತ್ತಿನಲ್ಲಿ ಪಡೆಯಬೇಕೆಂದರೆ ಎಲ್ಲ ಅಳತೆಗಳನ್ನೂ ಸಾಗಿಸಬೇಕಾಗುತ್ತದೆ.