ಜಾಕ್‌ಹ್ಯಾಮರ್‌ಗೆ ಏಟು ಸಾಲುತ್ತಿಲ್ಲ, ಒಳಗಿನ ತೂತು ದೊಡ್ಡದು ಮಾಡಿಸಲಾ?

ಪ್ರಶ್ನೆ: ಬಾವಿಯ ಬಂಡೆ, ಮನೆ ಪಾಯದ ಬಂಡೆ ಒಡೆಯುವ ಕೆಲಸಕ್ಕೆ ಟ್ರ್ಯಾಕ್ಟರ್ ಕಂಪ್ರೆಸರ್ ಇಟ್ಟುಕೊಂಡಿದ್ದೇವೆ. ಎರಡು ಜಾಕ್‌ಹ್ಯಾಮರ್ ಇವೆ. ಕಂಪ್ರೆಸರ್ ಗೇಜಿನಲ್ಲಿ 100 ಪೌಂಡ್ ಪ್ರೆಶರ್ ತೋರಿಸುತ್ತದೆ. ಆದರೂ ಒಂದು ಹ್ಯಾಮರ್‌ಗೆ ಮೊದಲಿನ ಏಟಿಲ್ಲ. ಗಾಳಿ ಸಲೀಸಾಗಿ ಓಡಾಡಲಿ ಅಂತ ಸಿಲಿಂಡರಿನ ತೂತುಗಳನ್ನು ಲೇತ್‌ನಲ್ಲಿ ದೊಡ್ಡದು ಮಾಡಿಸಬಹುದೇ?

ಬೇಡ. ಲೇತ್‌ಗೆ ಒಯ್ಯುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಎರಡೂ ಹ್ಯಾಮರ್‌ಗಳ ಹೋಸ್ ಪೈಪ್ ಅದಲು ಬದಲು ಮಾಡಿ. ಒಳ್ಳೆಯ ಹ್ಯಾಮರ್ ಈಗ ಸೋತು, ಸೋತದ್ದು ಚುರುಕಾದರೆ ತಪ್ಪು ಹೋಸಿನದ್ದು. ಸೋತದ್ದು ಹಾಗೇ ಸೋತಿದ್ದರೆ ಮಾತ್ರ ಹ್ಯಾಮರ್ ಕಡೆ ಕೈ ಹಾಕಿ. ಹತ್ತು ನಿಮಿಷದ ಕೆಲಸ, ಕಾಸು ಖರ್ಚಿಲ್ಲ. ಆದರೆ ಹೋಸ್ ಬಿಚ್ಚುವ ಮುಂಚೆ ಕಂಪ್ರೆಸರ್ ಕಡೆ ಗಾಳಿ ಬಂದ್ ಮಾಡಿ, ಹ್ಯಾಮರ್ ಒತ್ತಿ ಹೋಸಿನಲ್ಲಿ ಉಳಿದ ಗಾಳಿಯನ್ನು ಹೊರಗೆ ಬಿಡಿ. ಪ್ರೆಶರ್ ಇರುವಾಗ ಕಳಚಿಕೊಂಡ ಹೋಸ್ ಹಾವಿನಂತೆ ಚಾಟಿ ಬೀಸುತ್ತದೆ. ಅದರ ತುದಿಯ ಕಬ್ಬಿಣದ ಜಾಯಿಂಟ್ ತಲೆಗೆ ಬಡಿದರೆ ಮುಗಿಯಿತು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಎದ್ದು ಕಂಡದ್ದು ಆ 100 ಪೌಂಡ್. ಪೌಂಡ್ ಅಂದರೆ ಇಲ್ಲಿ ಒಂದು ಚದರ ಇಂಚಿನ ಮೇಲೆ ಬೀಳುವ ಪೌಂಡ್ ಒತ್ತಡ. ಅದು ಕಂಪ್ರೆಸರ್ ಹತ್ತಿರದ ಲೆಕ್ಕ. ಹ್ಯಾಮರ್ ಹತ್ತಿರ ಎಷ್ಟಿದೆ? ಅದೂ ಹ್ಯಾಮರ್ ಓಡುತ್ತಿರುವಾಗ? ನಿಂತಿರುವಾಗ ಹೋಸಿನ ಎರಡೂ ತುದಿಯಲ್ಲಿ ಒಂದೇ ಪ್ರೆಶರ್ ಇರುತ್ತದೆ, ಹೋಸ್ ಎಷ್ಟೇ ಸಣ್ಣದಿರಲಿ. ಗಾಳಿ ಹರಿಯುತ್ತಲೇ ಇಲ್ಲವಲ್ಲ, ಕಡಿಮೆಯಾಗಲು ಕಾರಣವೇ ಇಲ್ಲ. ಹರಿಯಲು ಶುರುವಾದ ಮೇಲೆ ನಿಜ ಗೊತ್ತಾಗುತ್ತದೆ. ಮನೆಯ ನಲ್ಲಿಯೂ ಹೀಗೇ ಅಲ್ವಾ? ಮೇಲಿನ ಟ್ಯಾಂಕ್ ತುಂಬಿರುತ್ತದೆ. ಆದರೂ ಅಡುಗೆಮನೆ ನಲ್ಲಿ ತಿರುಗಿಸಿದರೆ ಬಚ್ಚಲಿನ ನಲ್ಲಿ ಸಣ್ಣಗಾಗುತ್ತದೆ.

ಅಳೆಯುವುದು ಕಷ್ಟವಲ್ಲ. ಹ್ಯಾಮರ್‌ಗೆ ಹೋಸ್ ಸೇರುವ ಜಾಗದಲ್ಲಿ ಒಂದು ಟೀ, ಅಂದರೆ ಮೂರು ಬಾಯಿಯ ಜಾಯಿಂಟ್ ಹಾಕಿ, ಅದಕ್ಕೆ ಗೇಜ್ ಕೂರಿಸಿ. ಬಂಡೆಗೆ ಒತ್ತಿ ಪೂರ್ತಿ ಓಡಿಸುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಇಂಥ ಹ್ಯಾಮರ್‌ಗಳನ್ನು ಸಾಮಾನ್ಯವಾಗಿ 90 ಪೌಂಡ್ ಸುತ್ತಮುತ್ತಲ ಪ್ರೆಶರ್‌ಗೆ ಲೆಕ್ಕ ಹಾಕಿ ಮಾಡಿರುತ್ತಾರೆ. 85, 90 ಬಂದರೆ ಗಾಳಿಯ ದಾರಿ ಚೆನ್ನಾಗಿದೆ. 70ಕ್ಕೆ ಇಳಿದರೆ ತೊಂದರೆ ದಾರಿಯಲ್ಲೇ ಇದೆ.

90ರಿಂದ 70 ಅಂದರೆ ಏನು ಮಹಾ, 20 ಪೌಂಡ್ ತಾನೆ ಅನ್ನಿಸಬಹುದು. ಲೆಕ್ಕ ಹಾಕೋಣ. ಹ್ಯಾಮರ್ ಒಳಗೆ ಮೇಲೆ ಕೆಳಗೆ ಓಡಾಡಿ ಏಟು ಕೊಡುವ ಪಿಸ್ಟನ್ನಿನ ಅಡ್ಡಳತೆ 65 ಮಿಲಿಮೀಟರ್ ಅಂದುಕೊಳ್ಳಿ. 90 ಪೌಂಡಿನಲ್ಲಿ ಅದರ ತಲೆಯ ಮೇಲೆ ಬೀಳುವ ಒತ್ತಡ ಸುಮಾರು 210 ಕೆಜಿ ಭಾರದಷ್ಟು. 70 ಪೌಂಡಿನಲ್ಲಿ ಸುಮಾರು 163 ಕೆಜಿ. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ನೂಕುವ ಬಲ ಕಡಿಮೆಯಾದಾಗ ಪಿಸ್ಟನ್ ನಿಧಾನವಾಗುತ್ತದೆ, ನಿಮಿಷಕ್ಕೆ ಬೀಳುವ ಏಟೂ ಕಡಿಮೆಯಾಗುತ್ತದೆ. ಏಟು ಮೆತ್ತಗೆ, ಏಟಿನ ಎಣಿಕೆಯೂ ಕಡಿಮೆ. ಎರಡೂ ಸೇರಿ ಹ್ಯಾಮರಿನ ಕಸುವಿನಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಹೋಗಿರುತ್ತದೆ. ದಿನಕ್ಕೆ ಮೂವತ್ತು ಕುಳಿ ಹೊಡೆಯುತ್ತಿದ್ದವರು ಇಪ್ಪತ್ತಕ್ಕೆ ಇಳಿದಂತೆ. ಡೀಸೆಲ್ ಮಾತ್ರ ಅಷ್ಟೇ ಸುಡುತ್ತದೆ.

ಈಗ ಹೋಸಿನ ವಿಷಯ. ನನ್ನ ಅನುಭವದಲ್ಲಿ ಹತ್ತಕ್ಕೆ ಏಳು ಸಲ ಕಳ್ಳ ಇಲ್ಲೇ ಸಿಗುತ್ತಾನೆ. ಸಾಧಾರಣ ಜಾಕ್‌ಹ್ಯಾಮರ್ ಒಂದಕ್ಕೆ 100ರಿಂದ 120 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬೇಕು. ಇದಕ್ಕೆ ಮುಕ್ಕಾಲು ಇಂಚಿನ ಹೋಸ್ ರೂಢಿ. ಅಗ್ಗಕ್ಕೆ ಸಿಕ್ಕಿತು, ಎಳೆಯಲು ಹಗುರ ಅಂತ ಅರ್ಧ ಇಂಚಿನದ್ದು ಹಾಕಿದಿರಿ ಅಂದುಕೊಳ್ಳಿ. ಕಾಲು ಇಂಚಿನ ವ್ಯತ್ಯಾಸ. ಆದರೆ ಅಷ್ಟೇ ಗಾಳಿ ಹಾಯಿಸಿದರೆ ದಾರಿಯಲ್ಲಿ ನಷ್ಟವಾಗುವ ಪ್ರೆಶರ್ ಸುಮಾರು ಏಳೂವರೆ ಪಟ್ಟು ಜಾಸ್ತಿ. ಪೈಪಿನ ಅಡ್ಡಳತೆ ಕಡಿಮೆಯಾದಂತೆ ಅದರ ಐದನೇ ಘಾತದ ಲೆಕ್ಕದಲ್ಲಿ ಇದು ಏರುತ್ತದೆ, ಅದಕ್ಕೇ ಇಷ್ಟು ಏಟು. ಉದ್ದದ ಲೆಕ್ಕ ಅಷ್ಟು ಕ್ರೂರವಲ್ಲ. ಹೋಸ್ ಎರಡರಷ್ಟು ಉದ್ದವಾದರೆ ನಷ್ಟವೂ ಎರಡರಷ್ಟು, ಅಷ್ಟೇ. ಆದ್ದರಿಂದ ದೂರ ಹೋಗಬೇಕಿದ್ದರೆ ಒಂದು ಇಂಚಿನ ಪೈಪನ್ನು ಬಂಡೆಯ ಹತ್ತಿರದವರೆಗೆ ಎಳೆದು, ಕೊನೆಯ ತುಂಡು ಮಾತ್ರ ಮುಕ್ಕಾಲು ಇಂಚಿನದ್ದು ಹಾಕಿ.

ಒಂದೇ ಹೋಸ್ ಎಳೆದು ಕೊನೆಯಲ್ಲಿ ಕವೆ ಹಾಕಿ ಎರಡು ಹ್ಯಾಮರ್ ಓಡಿಸುವವರಿದ್ದಾರೆ. ನೀವೂ ಹಾಗೇ ಮಾಡುತ್ತಿದ್ದೀರೋ ಏನೋ. ಗಾಳಿ ಎರಡರಷ್ಟು ಹರಿದರೆ ಪ್ರೆಶರ್ ನಷ್ಟ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು. ಹ್ಯಾಮರಿಗೊಂದು ಹೋಸ್ ಕಂಪ್ರೆಸರ್ ಟ್ಯಾಂಕಿನಿಂದಲೇ ಬರಲಿ.

ಉದ್ದ ಪೈಪಿನಲ್ಲಿ ಗಾಳಿ ಸತ್ತುಹೋಗುತ್ತದೆ ಅನ್ನುವ ಭಯ ಹಳೆಯದು. ಫ್ರಾನ್ಸ್ ಮತ್ತು ಇಟಲಿ ನಡುವೆ ಆಲ್ಪ್ಸ್ ಬೆಟ್ಟದ ಕೆಳಗೆ ಫ್ರೆಜೂಸ್ ರೈಲು ಸುರಂಗ ಕೊರೆದಾಗ ಜರ್ಮೇನ್ ಸೊಮೆಯೆ ಎಂಬ ಎಂಜಿನಿಯರ್ 1861ರಲ್ಲಿ ಗಾಳಿಯಿಂದ ಓಡುವ ಡ್ರಿಲ್‌ಗಳನ್ನು ಒಳಗಿಳಿಸಿದರು. 1870ರ ಕೊನೆಗೆ ಎರಡು ಕಡೆಯ ತೋಡು ಕೂಡಿತು. ಅಷ್ಟು ಹೊತ್ತಿಗೆ ಗಾಳಿ ಕಿಲೋಮೀಟರ್‌ಗಟ್ಟಲೆ ಪೈಪಿನಲ್ಲಿ ಸಾಗಿ ಡ್ರಿಲ್ ಓಡಿಸುತ್ತಿತ್ತು. ಪೈಪ್ ಅಗಲ ಇದ್ದರೆ ದೂರ ದೊಡ್ಡ ವಿಷಯವಲ್ಲ. ನಮ್ಮ ಕೆಜಿಎಫ್‌ನಂಥ ಆಳದ ಗಣಿಯಲ್ಲಿ ಇನ್ನೊಂದು ಮೋಜಿದೆ. ಒತ್ತಿದ ಗಾಳಿಗೆ ತೂಕ ಜಾಸ್ತಿ. ಒಂದು ಕಿಲೋಮೀಟರ್ ಕೆಳಗಿಳಿದರೆ ಆ ಗಾಳಿಯ ಭಾರದಿಂದಲೇ 10, 12 ಪೌಂಡ್ ಪ್ರೆಶರ್ ಕೂಡುತ್ತದೆ. ಬಾವಿ ತೋಡುವವರಿಗೆ ಈ ಭಾಗ್ಯವಿಲ್ಲ ಬಿಡಿ.

ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೆ ಸಾಲದು. ಹಳೆಯ ಹೋಸಿನ ಒಳ ರಬ್ಬರ್ ಪದರ ಬಿಟ್ಟುಕೊಂಡು ನಾಲಿಗೆಯಂತೆ ಜೋತಾಡುತ್ತದೆ. ಗಾಳಿ ಬಂದಾಗ ಅದೇ ಅಡ್ಡ ನಿಲ್ಲುತ್ತದೆ. ಜಾಯಿಂಟಿನ ರಬ್ಬರ್ ವಾಶರ್ ಎಣ್ಣೆ ಕುಡಿದು ಊದಿಕೊಂಡು ದಾರಿ ಕಿರಿದು ಮಾಡುತ್ತದೆ. ಇದರ ಜತೆ, ಹೋಸ್ ಒಳಗೆ ತೂರಿಸುವ ನಿಪ್ಪಲ್‌ನ ತೂತು ಹೋಸಿಗಿಂತ ಸಣ್ಣದು. ಹೋಸ್ ಹರಿದಾಗಲೆಲ್ಲ ಕತ್ತರಿಸಿ ಜೋಡಿಸುತ್ತಾ ಹೋದರೆ, 50 ಅಡಿಯಲ್ಲಿ ನಾಲ್ಕು ಕಡೆ ಕುತ್ತಿಗೆ ಹಿಸುಕಿದಂತೆ.

ಒಂದು ಸಲ ನನಗೇ ಆದ ಪಾಠ ಹೇಳುತ್ತೇನೆ. ಹ್ಯಾಮರ್ ಮೆತ್ತಗಾಗಿತ್ತು. ಪಿಸ್ಟನ್ ಸವೆದಿದೆ ಅಂತ ರಿಪೇರಿಯವರು ಹೇಳಿದರು. ಹೊಸ ಪಿಸ್ಟನ್, ಹೊಸ ವಾಲ್ವ್ ಹಾಕಿಸಿದೆ. ಮಾರನೆಯ ದಿನ ಅದೇ ರಾಗ. ಸಿಟ್ಟು ಬಂದು ಹೋಸ್ ಸೇರುವ ಕಡೆಯ ನಟ್ ಬಿಚ್ಚಿ ನೋಡಿದರೆ, ಒಳಗಿನ ಸಣ್ಣ ಜಾಲರಿಗೆ ಹೋಸಿನ ರಬ್ಬರ್ ಚೂರುಗಳು ಮೆತ್ತಿಕೊಂಡು ಮುಕ್ಕಾಲು ಪಾಲು ಮುಚ್ಚಿತ್ತು. ಉಗುರಿನಲ್ಲಿ ಕೆರೆದು ತೆಗೆದೆ. ಹ್ಯಾಮರ್ ಕೂಗಿದ ಕೂಗಿಗೆ ಪಕ್ಕದ ಹೊಲದವರು ತಿರುಗಿ ನೋಡಿದರು. ಆ ಜಾಲರಿ ಇದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಗೊತ್ತಿರುವ ಕೆಲವರು ಗಾಳಿ ಜಾಸ್ತಿ ಹೋಗಲಿ ಅಂತ ಕಿತ್ತು ಬಿಸಾಡುತ್ತಾರೆ. ಅದು ಇನ್ನೂ ತಪ್ಪು. ಆಗ ಅದೇ ಚೂರುಗಳು ವಾಲ್ವಿಗೆ ಹೋಗಿ ಕೂರುತ್ತವೆ.

ಇನ್ನು ನೀವು ಕೇಳಿದ ತೂತಿಗೆ ಬರೋಣ. ಒಳಗೆ ನಡೆಯುವುದು ಇಷ್ಟು. ಗಾಳಿ ಬಂದು ಪಿಸ್ಟನ್ನನ್ನು ಕೆಳಗೆ ನೂಕುತ್ತದೆ. ಪಿಸ್ಟನ್ ಕೆಳಗಿಳಿಯುತ್ತಾ ಸಿಲಿಂಡರ್ ಗೋಡೆಯ ಎಕ್ಸಾಸ್ಟ್ ತೂತನ್ನು ದಾಟುತ್ತದೆ. ಕೆಲಸ ಮುಗಿಸಿದ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಅದೇ ಹೊತ್ತಿಗೆ ಪಿಸ್ಟನ್ ಡ್ರಿಲ್ ರಾಡಿನ ತಲೆಗೆ ಬಡಿಯುತ್ತದೆ. ವಾಲ್ವ್ ಮಗುಚಿಕೊಳ್ಳುತ್ತದೆ, ಗಾಳಿ ಈಗ ಕೆಳಗಿನಿಂದ ಬಂದು ಪಿಸ್ಟನ್ನನ್ನು ಮೇಲಕ್ಕೆತ್ತುತ್ತದೆ. ನಿಮಿಷಕ್ಕೆ 2,000 ಏಟು ಅಂದರೆ ಇಷ್ಟೆಲ್ಲ ಮುಗಿಯಲು ಒಂದು ಸೆಕೆಂಡಿನ ಮೂವತ್ತಮೂರನೇ ಒಂದು ಭಾಗ. ಕಣ್ಣು ಮಿಟುಕಿಸುವುದರೊಳಗೆ ಮೂರು ನಾಲ್ಕು ಏಟು ಬಿದ್ದಿರುತ್ತದೆ.

ಹಾಗಾಗಿ ಆ ತೂತು ಎಲ್ಲಿದೆ ಅನ್ನುವುದೇ ಹ್ಯಾಮರಿನ ಗಡಿಯಾರ. ಅದರ ಅಂಚನ್ನು ಎರಡು ಮಿಲಿಮೀಟರ್ ಮೇಲಕ್ಕೆ ಕೊರೆದರೆ ಗಾಳಿ ಪೂರ್ತಿ ನೂಕುವ ಮೊದಲೇ ಹೊರಗೆ ಓಡಿಹೋಗುತ್ತದೆ. ಸದ್ದು ಜೋರಾಗುತ್ತದೆ, ಏಟು ಕಡಿಮೆಯಾಗುತ್ತದೆ, ಗಾಳಿ ಖರ್ಚು ಜಾಸ್ತಿಯಾಗುತ್ತದೆ. ಸದ್ದು ಕೇಳಿ ಚುರುಕಾಯಿತು ಅಂತ ಖುಷಿಪಡುವವರೂ ಇದ್ದಾರೆ! ಪಕ್ಕಕ್ಕೆ ಅಗಲ ಮಾಡಿದರೆ ಹೊತ್ತು ಬದಲಾಗುವುದಿಲ್ಲ, ನಿಜ. ಆದರೆ ಸಿಲಿಂಡರಿನ ಒಳಮೈ ಗಟ್ಟಿ ಮಾಡಿದ ಉಕ್ಕು. ಕೊರೆದ ಕಡೆ ಚೂಪು ಅಂಚು ಉಳಿದರೆ ಪಿಸ್ಟನ್‌ಗೆ ಗೀರು ಬೀಳುತ್ತದೆ, ಸಿಲಿಂಡರ್ ಬಿರುಕು ಬಿಡುವುದೂ ಉಂಟು. ತೂತುಗಳಿಗೆ ಬೇಕಾದದ್ದು ಬರೀ ಸ್ವಚ್ಛತೆ. ಎಣ್ಣೆ, ಕಲ್ಲುಪುಡಿ ಸೇರಿ ಅಂಟಿದ ಜಿಡ್ಡನ್ನು ಡೀಸೆಲ್‌ನಲ್ಲಿ ನೆನೆಸಿ, ಮರದ ಕಡ್ಡಿಯಿಂದ ತೆಗೆಯಿರಿ. ಆಮೇಲೆ ಡೀಸೆಲ್ ಪೂರ್ತಿ ಒರೆಸಿ, ಎಣ್ಣೆ ಸವರಿಯೇ ಜೋಡಿಸಿ. ಒಳಗೆ ಡೀಸೆಲ್, ಸೀಮೆಎಣ್ಣೆ ಉಳಿದರೆ ಬಿಸಿಗೆ ಹೊತ್ತಿಕೊಳ್ಳಬಹುದು.

ಹೊರಗೆ ಹೋಗುವ ದಾರಿಯನ್ನು ಜನ ಮರೆಯುತ್ತಾರೆ. ಒಳಗೆ ಬಂದಷ್ಟು ಗಾಳಿ ಹೊರಗೂ ಹೋಗಬೇಕು. ಹೋಗದಿದ್ದರೆ ಪಿಸ್ಟನ್ ಮೇಲೆ ಬರುವಾಗ ಹಳೆಯ ಗಾಳಿಯನ್ನೇ ನೂಕುತ್ತಾ ಬರಬೇಕು. ಪೂರ್ತಿ ಮೇಲೆ ಬರುವುದಿಲ್ಲ, ಅರ್ಧದಿಂದಲೇ ಹೊಡೆಯುತ್ತದೆ. ಏಟುಗಳು ಗಿಡ್ಡವಾಗಿ ಸುಮ್ನೆ ಪಟಪಟ ಅನ್ನುತ್ತವೆ. ಸೈಲೆನ್ಸರ್ ಒಳಗೆ ಕೆಸರು, ಜಿಡ್ಡು ಕಟ್ಟಿದೆಯೇ ನೋಡಿ. ಒಮ್ಮೆ ಕಳಚಿ ಓಡಿಸಿ ನೋಡಬಹುದು. ವ್ಯತ್ಯಾಸ ಕಂಡರೆ ತೊಳೆದು ಮತ್ತೆ ಹಾಕಿ. ಶಾಶ್ವತವಾಗಿ ಕಿತ್ತಿಟ್ಟರೆ ಕಿವಿ ಹೋಗುತ್ತದೆ. ಮೊದಲೇ ನೂರು ಡೆಸಿಬೆಲ್ ದಾಟುವ ಯಂತ್ರ ಅದು.

ಮಳೆಗಾಲದಲ್ಲಿ ಎಕ್ಸಾಸ್ಟ್‌ನಿಂದ ಬಿಳಿ ಹಬೆ ಬರುವುದನ್ನು ನೋಡಿರುತ್ತೀರಿ. ಒತ್ತಿದ ಗಾಳಿ ಒಮ್ಮೆಲೇ ಹಿಗ್ಗಿದಾಗ ತಣ್ಣಗಾಗುತ್ತದೆ, ಅದರೊಳಗಿನ ನೀರು ಹನಿಯಾಗುತ್ತದೆ. ಚಳಿ ದೇಶಗಳಲ್ಲಿ ಅಲ್ಲೇ ಐಸ್ ಕಟ್ಟಿ ದಾರಿ ಮುಚ್ಚುವುದುಂಟು. ನಮ್ಮಲ್ಲಿ ನೀರಿನ ಕಾಟ ಬೇರೆ ಥರ. ಅದು ಎಣ್ಣೆಯನ್ನು ತೊಳೆದುಬಿಡುತ್ತದೆ, ತುಕ್ಕು ಹಿಡಿಸುತ್ತದೆ. ದಿನಾ ಬೆಳಿಗ್ಗೆ ಕಂಪ್ರೆಸರ್ ಟ್ಯಾಂಕಿನ ಕೆಳಗಿನ ನಲ್ಲಿ ತೆರೆದು ನೀರು ನಿಲ್ಲುವವರೆಗೂ ಬಿಡಿ. ಹೋಸಿನ ಗಾಳಿಗೆ ಎಣ್ಣೆ ಬೆರೆಸುವ ಡಬ್ಬಿ ಹ್ಯಾಮರಿನಿಂದ ಹತ್ತು ಹನ್ನೆರಡು ಅಡಿಯೊಳಗೆ ಇರಲಿ. ಎಣ್ಣೆ ಬರುತ್ತಿದೆಯೇ ಅಂತ ನೋಡಲು ಎಕ್ಸಾಸ್ಟ್ ಮುಂದೆ ಒಂದು ಬಿಳಿ ಕಾಗದ ಹಿಡಿಯಿರಿ. ತೆಳುವಾಗಿ ಎಣ್ಣೆ ಮೆತ್ತಿದರೆ ಸರಿ, ಒಣಗಿದ್ದರೆ ಪಿಸ್ಟನ್ ಸಾಯುತ್ತಿದೆ, ತೊಟ್ಟಿಕ್ಕಿದರೆ ಜಾಸ್ತಿಯಾಯಿತು. ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಮಾತ್ರ ಹಾಕಲೇಬೇಡಿ. ಅದರ ಕೊಳೆಗೆ ವಾಲ್ವ್ ಹಿಡಿದುಕೊಳ್ಳುತ್ತದೆ.

ಬೆಂಗಳೂರು, ಕೋಲಾರ, ತುಮಕೂರು ಕಡೆಯವರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಅದೇ ಪ್ರೆಶರ್ ಬೇಕಾದರೆ ಕಂಪ್ರೆಸರ್ ಅಷ್ಟು ಜಾಸ್ತಿ ಗಾಳಿ ಎಳೆಯಬೇಕು. ಎರಡು ಹ್ಯಾಮರಿಗೆ ಸರಿಸುಮಾರು ಸಾಲುವ ಕಂಪ್ರೆಸರ್ ಇಲ್ಲಿ ಎರಡನೆಯದಕ್ಕೆ ಏದುಸಿರು ಬಿಡುತ್ತದೆ. ಅದರ ಏರ್ ಫಿಲ್ಟರ್‌ನಲ್ಲಿ ದೂಳು ತುಂಬಿದ್ದರಂತೂ ಕೇಳುವುದೇ ಬೇಡ. ಅದಕ್ಕಂತ ಕಂಪ್ರೆಸರ್ ಪ್ರೆಶರನ್ನು 120ಕ್ಕೆ ಏರಿಸಬೇಡಿ. ಸುಸ್ತಾದ ಹ್ಯಾಮರಿನ ಜತೆ ಚೆನ್ನಾಗಿರುವ ಹ್ಯಾಮರಿನ ಬೋಲ್ಟೂ ತುಂಡಾಗುತ್ತದೆ.

ಫೌಂಡ್ರಿಯ ಚಿಪ್ಪಿಂಗ್ ಹ್ಯಾಮರ್, ರಿವೆಟ್ ಗನ್ ಇಟ್ಟುಕೊಂಡವರಿಗೂ ಇದೇ ಲೆಕ್ಕ. ಅಲ್ಲಿ ಹೋಸಿಗಿಂತ ಕ್ವಿಕ್ ಕಪ್ಲರ್ (ಒತ್ತಿದರೆ ಕೂಡುವ ಜಾಯಿಂಟ್) ಮೇಲೆ ಅನುಮಾನ ಪಡಿ. ಒಳಗೆ ಸ್ಪ್ರಿಂಗ್, ಗೋಲಿ ಕೂತಿರುವುದರಿಂದ ಅದರ ದಾರಿ ಬಲು ಕಿರಿದು.

ಹೋಸ್, ಜಾಲರಿ, ಸೈಲೆನ್ಸರ್, ಎಣ್ಣೆ ಎಲ್ಲ ಸರಿ ಇದ್ದು, ಗೇಜ್ 90 ತೋರಿಸಿಯೂ ಏಟಿಲ್ಲ ಅಂದರೆ ಡ್ರಿಲ್ ರಾಡಿನ ತಲೆ ನೋಡಿ. ನಮ್ಮ ಕಡೆ ಬಳಸುವ 22 ಮಿಲಿಮೀಟರ್ ಆರು ಮೂಲೆ ರಾಡಿನಲ್ಲಿ ಕಾಲರ್‌ನಿಂದ (ರಾಡಿನ ಸುತ್ತ ಬಳೆಯಂತೆ ಉಬ್ಬಿದ ಭಾಗ) ಹ್ಯಾಮರ್ ಒಳಗೆ ಹೋಗುವ ತುದಿಯವರೆಗೆ 108 ಮಿಲಿಮೀಟರ್ ಇರಬೇಕು. ಕುಲುಮೆಯಲ್ಲಿ ಕಾಯಿಸಿ ತಟ್ಟಿ, ಉಜ್ಜಿ ಅದು 100ಕ್ಕೆ ಬಂದಿದ್ದರೆ ಪಿಸ್ಟನ್ ಹೊಡೆಯಬೇಕಾದ ಜಾಗದಲ್ಲಿ ರಾಡ್ ಇರುವುದಿಲ್ಲ. ಎಕ್ಸಾಸ್ಟ್ ತೂತು ದಾಟಿ ಇನ್ನೂ ಕೆಳಗೆ ಹೋಗಿ, ಗಾಳಿಯ ಮೆತ್ತೆಯ ಮೇಲೆ ಕುಸಿದು, ಆಮೇಲೆ ರಾಡನ್ನು ಮುಟ್ಟುತ್ತದೆ. ಆ ರಾಡನ್ನು ಪಕ್ಕಕ್ಕಿಟ್ಟು, ಅಳತೆ ಸರಿಯಿರುವ ಇನ್ನೊಂದು ರಾಡ್ ಹಾಕಿ ಓಡಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಆಗ ಹ್ಯಾಮರ್ ಬಿಚ್ಚಿಸಿ. ಮೊದಲು ವಾಲ್ವಿನ ಅಂಚು, ಆಮೇಲೆ ರಾಡ್ ಕೂರುವ ಬುಶ್, ಕೊನೆಗೆ ಪಿಸ್ಟನ್.