ನಾನ್ನಜ್ ಮಾಳದ ಮಿಡತೆಗಳು

ಅಕ್ಕಲಕೋಟೆ ಕಡೆಯವರಾದ ನಮಗೆ ಸೊಲ್ಲಾಪುರ ಅಂದ್ರೆ ಪೇಟೆ, ಆಸ್ಪತ್ರೆ, ಚಾದರ. ಅದನ್ನು ದಾಟಿ ಬಾರ್ಶಿ ರಸ್ತೆ ಹಿಡಿದರೆ ನಾನ್ನಜ್ ಸಿಗುತ್ತದೆ. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಾಗಿ 1979ರಲ್ಲೇ ಅಭಯಾರಣ್ಯವಾದ ಹುಲ್ಲುಮಾಳ ಅದು. ಮರಾಠಿಯವರು ಈ ಹಕ್ಕಿಗೆ ಮಾಳಢೋಕ ಅನ್ನುತ್ತಾರೆ. ಅಲ್ಲಿಗೆ ಹೋದವರೆಲ್ಲ ಹಕ್ಕಿ, ಕೃಷ್ಣಮೃಗ, ತೋಳ ಅಂತ ದೂರಕ್ಕೇ ಕಣ್ಣು ನೆಡುತ್ತಾರೆ. ಒಮ್ಮೆ ಕಾಲಬುಡ ನೋಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಜ್ಜೆ ಇಟ್ಟಲ್ಲೆಲ್ಲ ಮಿಡತೆ ಚಿಮ್ಮುತ್ತವೆ. ಎರೆಭೂತ ಮಳೆಗಾಲದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ಜಾಸ್ತಿ ಇವುಗಳಿಂದಲೇ, ಮರಿಗಳನ್ನು ಬೆಳೆಸುವುದೂ ಇಂಥ ಹುಳುಗಳಿಂದಲೇ.

ಮಿಡತೆ ಅಂದ ಕೂಡಲೇ ಪೀಡೆ ಅನ್ನುವವರು ಬಹಳ. 2020ರ ಮೇ ತಿಂಗಳಲ್ಲಿ ವಿದರ್ಭಕ್ಕೆ ನುಗ್ಗಿದ್ದು ಮರುಭೂಮಿ ಮಿಡತೆ. ಹಾಗೆ ಹಿಂಡು ಕಟ್ಟುವ ಜಾತಿಗಳು ಕೈಬೆರಳಲ್ಲಿ ಎಣಿಸುವಷ್ಟು. ಉಳಿದವುಗಳಲ್ಲಿ ಹೆಚ್ಚಿನವು ತಮ್ಮ ಪಾಡಿಗೆ ಹುಲ್ಲು ತಿಂದುಕೊಂಡು, ಹಿಕ್ಕೆಯನ್ನು ಮಣ್ಣಿಗೇ ಗೊಬ್ಬರವಾಗಿ ಕೊಟ್ಟು ಬದುಕುತ್ತವೆ.

ಒಂದು ಸಲ ಹೆಣ್ಣು ಮಿಡತೆ ಮೊಟ್ಟೆ ಇಡುವುದನ್ನು ಕೂತು ನೋಡಿದೆ. ಹುಲ್ಲಿನ ಎರಡು ಬುಡಗಳ ನಡುವೆ, ಬಿಸಿಲು ಬೀಳುವ ಅಂಗೈಯಗಲದ ಬರಿ ಮಣ್ಣು. ಬಾಲದ ತುದಿಯಿಂದ ಕೊರೆಯುತ್ತ, ಹೊಟ್ಟೆಯನ್ನು ಎರಡು ಪಟ್ಟಿಗಿಂತ ಉದ್ದಕ್ಕೆ ಎಳೆದುಕೊಂಡು ಒಳಗೆ ಇಳಿಸಿತು. ಮೊಟ್ಟೆಗಳ ಜೊತೆ ನೊರೆ ಬಿಡುತ್ತದೆ, ಅದು ಒಣಗಿ ಗಟ್ಟಿ ಚೀಲದ ಹಾಗಾಗುತ್ತದೆ. ಹಲವು ಜಾತಿಗಳಲ್ಲಿ ಆ ಮೊಟ್ಟೆ ಇಡೀ ಬೇಸಿಗೆ ಮಣ್ಣಲ್ಲೇ ಮಲಗಿದ್ದು, ಮೊದಲ ಮಳೆಗೆ ಒಡೆಯುತ್ತದೆ.

ಅಂದ್ರೆ ಆ ಅಂಗೈಯಗಲ ಮಣ್ಣನ್ನೂ ಕಾಯಬೇಕು, ಅಲ್ವಾ? ಒಂದೇ ಸಲ ನೇಗಿಲು ಹೊಡೆದರೆ ಚೀಲ ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ, ಇಲ್ಲ ಹಕ್ಕಿ ಪಾಲಾಗುತ್ತದೆ. ಗಾಯರಾಣ, ಅಂದ್ರೆ ಊರ ದನ ಮೇಯುವ ಮಾಳ, ಸುಮ್ನೆ ಬಿದ್ದಿದೆ ಅಂತ ಒಳ್ಳೇ ಮನಸ್ಸಿಂದಲೇ ಸಾಲಾಗಿ ಗಿಡ ನೆಡುತ್ತಾರೆ, ಆದರೆ ನೆರಳಾಗಿ ನೆಲ ತಣ್ಣಗಾದರೆ ಬಿಸಿಲನ್ನೇ ನೆಚ್ಚಿದ ಮಿಡತೆ ಅಲ್ಲಿ ನಿಲ್ಲುವುದಿಲ್ಲ. ಹುಲ್ಲು ಕೊಯ್ಯುವುದಾದರೂ ಪೂರ್ತಿ ಬೋಳಿಸಬಾರದು. ಈ ವರ್ಷ ಒಂದು ತುಂಡು, ಬರುವ ವರ್ಷ ಇನ್ನೊಂದು. ದನ ಸ್ವಲ್ಪ ಮೇಯಲಿ. ಗಿಡ್ಡ ಹುಲ್ಲು ಬೇಕಾದ ಜಾತಿಗಳೂ ಇವೆ. ಅಂಚಿನ ತೊಗರಿ ಹೊಲದ ಔಷಧಿ ಗಾಳಿಗೆ ಒಳಗೆ ಬರದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ.

ಇವು ಎಷ್ಟಿವೆ ಅಂತ ತಿಳಿಯಲು ಕಿವಿಯೇ ಸಾಕು. ಮಿಡತೆ ಹಿಂಗಾಲನ್ನು ರೆಕ್ಕೆಗೆ ಉಜ್ಜುತ್ತದೆ, ಅದರ ನಂಟ ಜೀರುಂಡೆ ರೆಕ್ಕೆಗೆ ರೆಕ್ಕೆ ಉಜ್ಜುತ್ತದೆ. ಹಾಡುವುದು ಹೆಚ್ಚಾಗಿ ಗಂಡು; ಜೀರುಂಡೆಗೆ ಕಿವಿ ಇರುವುದು ಮುಂಗಾಲಿನ ಮೊಣಕಾಲ ಕೆಳಗೆ! ಒಂದೊಂದು ಜಾತಿಗೂ ಅದರದೇ ದನಿ. ಕತ್ತಲಾದ ಮೇಲೆ ಮಾಳದ ಅಂಚಿನ ಬದುವಿನ ಮೇಲೆ ನಿಂತೆ. ಹುಲ್ಲಿನ ಕಡೆ ಐದಾರು ಬಗೆಯ ದನಿ, ಹರಗಿದ ಹೊಲದ ಕಡೆ ಒಂದೇ ಒಂದು.